ಬೆಂಗಳೂರಿನ ರಾಹು, ಗಣಿಕೇರಿಯ ನಲ್ಲಿ

ಸಿದ್ದೇಶ್ವರಿಯ ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ಮೇಸ್ತ್ರಿ. ಪಂಚಾಂಗ ಕಂಡರೆ ಆತನಿಗೆ ಮೈಯೆಲ್ಲ ಉರಿ. ಅಮಾವಾಸ್ಯೆಯನ್ನೇ ಹುಡುಕಿ ಮನೆಗೆ ಬುನಾದಿ ಹಾಕಿದ. ಮಗಳ ಮದುವೆಯನ್ನು ಬೇಕೆಂದೇ ರಾಹುಕಾಲದಲ್ಲಿ ಮಾಡಿದ. ಎಲ್ಲಾದರೂ ತಪ್ಪಿ ಒಳ್ಳೆಯ ಹೊತ್ತು ಬಂದುಬಿಟ್ಟೀತೆಂದು ಮಗಳ ಕೈಯಿಂದಲೇ ಲೆಕ್ಕ ಹಾಕಿಸಿದ್ದ: ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಎಂಟು ಪಾಲು, ಅದರಲ್ಲಿ ದಿನಕ್ಕೊಂದು ಪಾಲು ರಾಹುವಿಗೆ, ಎಷ್ಟನೆಯ ಪಾಲು ಎಂಬುದು ಆಯಾ ವಾರದ ಮೇಲೆ. "ಶರಣರ ಮನ್ಯಾಗ ರಾಹುಗ ಏನ್ ಕೆಲ್ಸ ಯವ್ವಾ? ಬಂದ್ರ ಉಂಡು ಹೋಗ್ಲಿ" ಎನ್ನುತ್ತಿದ್ದ. ಆ ಮನೆ ಇನ್ನೂ ಬಿರುಕು ಬಿಟ್ಟಿಲ್ಲ, ಆ ಮದುವೆಯೂ ಬಿಟ್ಟಿಲ್ಲ.

ಅಂಥವನ ಮಗಳು ಐವತ್ತೆರಡನೆಯ ವಯಸ್ಸಿನಲ್ಲಿ, ನಾರ್ತ್ ಕೆರೊಲಿನಾದ ಒಂದು ಪಾರ್ಕಿಂಗ್ ಲಾಟಿನ ಬಿಸಿಲಲ್ಲಿ ನಿಂತು, ಒಬ್ಬ ತಲೆಕೆಟ್ಟವನಿಗಾಗಿ ರಾಹುಕಾಲ ಎಣಿಸಬೇಕಾಗಿ ಬಂತು. ಅದೇ ಈ ಕತೆ.

ಅವಳು ನೀರಿನ ಇಂಜಿನಿಯರು. ಹಾರ್ಲೋ, ಕಿಂಬ್ರೆಲ್, ಡೀಪ್ ಫೋರ್ಡ್ ಎಂಬ ಮೂರು ಪುಟ್ಟ ಊರುಗಳ ಜಂಟಿ ಮಂಡಳಿಯಲ್ಲಿ ನೌಕರಿ. ಒಂದು ಕಾಲಕ್ಕೆ ಮೂರೂ ಊರಿನ ಕೆಳಗೆ ಕಲ್ಲಿದ್ದಲಿತ್ತು. ಗಣಿ ಮುಚ್ಚಿ ಎಪ್ಪತ್ತು ವರ್ಷವಾಯಿತು. ಉಳಿದದ್ದು ಗಣಿಯವರು ಬಾಳಿದ ಒಂದು ಕೇರಿ, ನಲವತ್ತು ಮನೆ, ಮತ್ತು ಅವರ ಬಾವಿಗಳಿಗೆ ಇಳಿದ ಗಣಿಯ ನೀರು. ಆ ನೀರಿನಲ್ಲಿ ಬಿಳಿ ಬಟ್ಟೆ ಒಗೆದರೆ ಕಾವಿಯಾಗುತ್ತದೆ. ಎಂಬತ್ತು ದಾಟಿದ ಮಿಸ್ ಲೊರೇನ್ ಚರ್ಚಿಗೆ ಹಾಕುವ ಬಿಳಿ ಉಡುಪನ್ನು ಒಗೆಯಲೆಂದೇ ಇಪ್ಪತ್ತು ಮೈಲಿ ದೂರದ ತಂಗಿಯ ಮನೆಗೆ ಹೋಗುತ್ತಿದ್ದಳು. ಕುಡಿಯುವ ನೀರನ್ನು ಅಂಗಡಿಯಿಂದ ಹೊತ್ತು ತರುತ್ತಿದ್ದಳು.

ಕೇರಿಗೆ ಪೈಪ್ ಎಳೆಯುವ ಯೋಜನೆಯನ್ನು ಸಿದ್ದೇಶ್ವರಿ ಎರಡು ತಿಂಗಳಲ್ಲಿ ಬರೆದು ಮುಗಿಸಿದಳು. ಮಂಡಳಿ ಅದನ್ನು ಹನ್ನೊಂದು ತಿಂಗಳು ಕೆಳಗೆ ಹಾಕಿಕೊಂಡು ಕೂತಿತು. ಆ ಹನ್ನೊಂದು ತಿಂಗಳು ಏನು ನಡೆಯಿತು ಅಂತೀರಾ? ಮಂಡಳಿಯ ಫಲಕದ ಮೇಲೆ ಯಾವ ಊರಿನ ಹೆಸರು ಮೊದಲು ಬರಬೇಕು ಎಂಬ ಚರ್ಚೆ!

ಅಧ್ಯಕ್ಷ ಡ್ವೈಟ್ ಹಾರ್ಲೋದವನು, ಪೀಠೋಪಕರಣದ ವ್ಯಾಪಾರಿ. ಫ್ರಾನ್ಸಿನ ಉತ್ತರಕ್ಕೆ ಹಳೇ ಕಲ್ಲಿದ್ದಲ ಸೀಮೆಯೊಂದಿದೆ, ಅಲ್ಲಿ ಗಣಿ ಸತ್ತ ಮೇಲೆ ಹತ್ತಾರು ಊರುಗಳು ಸೇರಿ ಒಂದೇ ಒಕ್ಕೂಟ ಕಟ್ಟಿಕೊಂಡಿವೆ ಎಂದು ಯಾರೋ ಹೇಳಿದ್ದರು. ನೋಡಿಬರಲು ಹೋದ. ಅಲ್ಲಿಯವರು ಕಸ, ಬಸ್ಸು, ನೀರು ಎಲ್ಲವನ್ನೂ ಕೂಡಿ ನಡೆಸುತ್ತಾರಂತೆ. ಈ ಮಹಾನುಭಾವ ಅಲ್ಲಿಂದ ಕಲಿತು ತಂದದ್ದು ಮೇಯರುಗಳು ಹೆಗಲಿಗೆ ಹಾಕಿಕೊಳ್ಳುವ ಮೂರು ಬಣ್ಣದ ಪಟ್ಟಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಡ್ವೈಟ್ ಮೂರು ಜನರ ಸಭೆಗೂ ಆ ಪಟ್ಟಿ ಹಾಕಿಕೊಂಡು ಬರುತ್ತಿದ್ದ. ಅವನಿಗೆ ಗಣಿಕೇರಿಯ ನೀರು ಬೇಡ, ಗಣಿಯ ಮ್ಯೂಸಿಯಂ ಬೇಕು.

ಕಿಂಬ್ರೆಲ್ ಊರಿನ ಹೆಣ್ಣುಮಗಳು ಒಳ್ಳೆಯವಳು, ಪೈಪಿನ ಪರ. ಡೀಪ್ ಫೋರ್ಡಿನ ಸದಸ್ಯ ನಮ್ಮವನೇ, ಹರಿಪ್ರಸಾದ. ಷಾರ್ಲೆಟ್ಟಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಸಾಫ್ಟ್‌ವೇರ್ ಬರೆದು ನಿವೃತ್ತನಾಗಿ, ಗಾಲ್ಫ್ ಮೈದಾನದ ಪಕ್ಕ ಮನೆ ಕೊಂಡವನು. ಕನ್ನಡ ಸಂಘಕ್ಕೆ ಎರಡು ಸಲ ಅಧ್ಯಕ್ಷ. ಯಾರನ್ನು ಎಲ್ಲಿ ಸನ್ಮಾನಿಸಬೇಕಾದೀತೋ ಎಂದು ಕಾರಿನ ಟ್ರಂಕಿನಲ್ಲಿ ಸದಾ ನಾಲ್ಕು ಶಾಲು. ಊರಿನ ಕೌನ್ಸಿಲಿಗೆ ಬೇರೆ ಯಾರೂ ನಿಲ್ಲಲಿಲ್ಲವಾದ್ದರಿಂದ ಗೆದ್ದ, ಗೆದ್ದವರಲ್ಲಿ ಬಿಡುವಿದ್ದವನು ಇವನೊಬ್ಬನೇ ಆದ್ದರಿಂದ ಜಂಟಿ ಮಂಡಳಿಗೆ ಬಂದ. "ನೀರು ಅಂದ್ರೆ ಗಂಗೆ ಮೇಡಂ, ನನ್ನ ವೋಟು ನಿಮಗೇ" ಎಂದು ಅವಳಿಗೆ ಮಾತು ಕೊಟ್ಟಿದ್ದ.

2023ರ ಜೂನ್, ಒಂದು ಗುರುವಾರ. ರಾಜ್ಯ ಸರ್ಕಾರದ ನೆರವಿಗೆ ಅರ್ಜಿ ಹಾಕಲು ಅಂದು ಸಂಜೆ ಐದೇ ಕೊನೆ. ತಪ್ಪಿದರೆ ಇನ್ನು ನಾಲ್ಕು ವರ್ಷ ಕಾಯಬೇಕು. ಮಿಸ್ ಲೊರೇನ್‌ಗೆ ನಾಲ್ಕು ವರ್ಷ ಅಂದರೆ ಹುಡುಗಾಟವೇ? ಅರ್ಜಿಗೆ ಮಂಡಳಿಯ ಒಪ್ಪಿಗೆ ಬೇಕು, ಅದಕ್ಕೆ ಸಭೆ ಮಧ್ಯಾಹ್ನ ಎರಡಕ್ಕೆ. ಮೂರೂ ಊರಿನವರು ಹಾಜರಿದ್ದರೆ ಮಾತ್ರ ಮತ. ಎರಡೂವರೆಯೊಳಗೆ ಒಬ್ಬರು ಬಾರದಿದ್ದರೂ ಸಭೆ ಬರಖಾಸ್ತು, ಅದು ಮಂಡಳಿಯ ನಿಯಮ.

ಎರಡಾಯಿತು. ಹರಿಪ್ರಸಾದನ ಕುರ್ಚಿ ಖಾಲಿ. ಮಿಸ್ ಲೊರೇನ್ ಮೊದಲ ಸಾಲಿನಲ್ಲಿ, ಮಡಿಲಲ್ಲಿ ತನ್ನ ಬಾವಿಯ ಕೆಂಪು ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಳು. ಡ್ವೈಟ್ ಪಟ್ಟಿ ಸರಿಮಾಡಿಕೊಳ್ಳುತ್ತ ಗಡಿಯಾರ ನೋಡಿದ. ಅವನ ಮುಖದ ಖುಷಿ ಸಿದ್ದೇಶ್ವರಿಗೆ ಕಾಣದೆ ಇರಲಿಲ್ಲ. ಎರಡೂ ಹನ್ನೆರಡಕ್ಕೆ ಅವಳು ಕಿಟಕಿಯಿಂದ ಹೊರಗೆ ನೋಡಿದರೆ, ಓಕ್ ಮರದ ಕೆಳಗೆ ಹರಿಪ್ರಸಾದನ ಕಾರು! ಒಳಗೆ ಎಸಿ ಹಾಕಿಕೊಂಡು ಆಸಾಮಿ ಕೂತಿದ್ದಾನೆ!

ಓಡಿ ಹೋಗಿ ಗಾಜು ಬಡಿದಳು. "ಸರ್, ಒಳಗ ಬರ್ರಿ. ನಿಮ್ಮೊಬ್ಬರಿಗೇ ಕಾಯ್ಲಿಕ್ಕತ್ತಾರ."

ಆತ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದ. "ಬರ್ತೀನಿ ಮೇಡಂ, ಮೂರು ಗಂಟೆ ಆಗ್ಲಿ. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ ಅಲ್ವಾ? ನಾನೇನು ಸೂಪರ್‌ಸ್ಟಿಷಿಯಸ್ ಅಲ್ಲ. ಆದ್ರೂ ಗಂಗೆ ವಿಷಯ, ರಿಸ್ಕ್ ಯಾಕೆ ತಗೋಬೇಕು?"

"ಎರಡೂವರೆಗೆ ಮೀಟಿಂಗ್ ಮುಗಸ್ತಾರ್ರೀ!"

"ಡ್ವೈಟ್‌ಗೆ ಟೆಕ್ಸ್ಟ್ ಮಾಡಿದೀನಿ. ಎಕ್ಸ್‌ಟೆಂಡ್ ಮಾಡ್ತಾರೆ ಬಿಡಿ." ಎಂದು ಫೋನಿನಲ್ಲಿ ತನ್ನ ಅಡುಗೆಮನೆಯ ಕ್ಯಾಲೆಂಡರಿನ ಫೋಟೋ ತೋರಿಸಿದ. ಅವನ ಅಕ್ಕ ಬಸವನಗುಡಿಯಿಂದ ವರ್ಷವರ್ಷ ಕಳಿಸುವ ಕ್ಯಾಲೆಂಡರು.

ಥೂ ನಿನ್ನ! ಅವಳ ನಾಲಿಗೆಯ ತುದಿಗೆ ಅಪ್ಪನ ಅಷ್ಟೂ ಬೈಗುಳ ಬಂದು ನಿಂತವು. ಮೂವತ್ತು ವರ್ಷ ಕಂಪ್ಯೂಟರಿಗೆ ಬುದ್ಧಿ ಹೇಳಿದವನು, ಪಟ್ಟಿ ಹಾಕಿಕೊಂಡ ಕೋಡಂಗಿಯನ್ನು ನಂಬಿ ಕಾರಿನಲ್ಲಿ ಅವಿತು ಕೂತಿದ್ದಾನಲ್ಲ! ಇಂಥವರ ಕೈಯಲ್ಲಿ ಜನರ ಬಾಯಿಯ ನೀರು! ಬೈದುಬಿಟ್ಟರೆ ಅವಳಿಗೆ ಸಮಾಧಾನವಾಗುತ್ತಿತ್ತು, ಆತ ಮುನಿಸಿಕೊಂಡು ಮನೆಗೆ ಹೋಗುತ್ತಿದ್ದ. ಬಾಟಲಿ ಹಿಡಿದ ಮುದುಕಿಯ ಕೈ ಕಣ್ಣ ಮುಂದೆ ಬಂತು. ಸಿದ್ದೇಶ್ವರಿ ಬೈಗುಳವನ್ನೆಲ್ಲ ನುಂಗಿದಳು. ಜೀವಮಾನದಲ್ಲಿ ಅಷ್ಟು ಕಹಿ ಇನ್ನೇನನ್ನೂ ನುಂಗಿರಲಿಲ್ಲ.

"ಸರ್, ಆ ರಾಹು ಬೆಂಗಳೂರಾಗ ಅದಾನ್ರಿ. ಇಲ್ಲಿ ಸೂರ್ಯ ಹುಟ್ಟೂದು ಬ್ಯಾರೆ, ಮುಳುಗೂದು ಬ್ಯಾರೆ" ಎಂದು ಫೋನ್ ತೆಗೆದು ಅವನ ಕಣ್ಣೆದುರೇ ಲೆಕ್ಕ ಹಾಕಿದಳು. "ಇವತ್ತ ಆರು ಎರಡಕ್ಕ ಹುಟ್ಟ್ಯಾನ, ಎಂಟು ಮೂವತ್ಮೂರಕ್ಕ ಮುಳಗತಾನ. ಎಂಟು ಪಾಲು ಮಾಡ್ರಿ. ಗುರುವಾರಕ್ಕ ಆರನೇ ಪಾಲು. ಮೂರು ಗಂಟೆ ಆರು ನಿಮಿಷಕ್ಕ ಶುರು, ಐದರ ತನಕ. ನೀವು ಮೂರಕ್ಕ ಒಳಗ ಬಂದು ಕುರ್ಚಿ ಮ್ಯಾಲ ಕುಂಡ್ರೂದ್ರಾಗ ರಾಹುನೂ ಬಂದು ಬಾಜೂಕ ಕುಂಡರ್ತಾನ. ಈಗ ಹೊತ್ತು ಚಲೋ ಅದ."

ಆತನ ಮುಖ ಬಿಳಿಚಿಕೊಂಡಿತು. ತಾನೂ ಒಮ್ಮೆ ಭಾಗಿಸಿ ನೋಡಿದ. "ಅಯ್ಯೋ ದೇವ್ರೇ, ಹೌದಲ್ವಾ! ಮೂವತ್ತೈದು ವರ್ಷದಿಂದ ರಾಂಗ್ ಟೈಮ್ ಫಾಲೋ ಮಾಡ್ತಿದೀನಿ ಮೇಡಂ!" ಬಾಗಿಲು ತೆಗೆದವನೇ ಓಟ ಕಿತ್ತ. ಅರವತ್ತೇಳರ ಆ ದೇಹ ಅಷ್ಟು ಜೋರಾಗಿ ಓಡಬಲ್ಲದು ಎಂದು ಯಾರೂ ಎಣಿಸಿರಲಿಲ್ಲ.

ಎರಡೂ ಇಪ್ಪತ್ತೆಂಟಕ್ಕೆ ಕೈ ಎತ್ತಿದ. ಎರಡು ಮತ ಪರ, ಒಂದು ವಿರುದ್ಧ. ಡ್ವೈಟ್ ಪಟ್ಟಿ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ. ಅರ್ಜಿ ನಾಲ್ಕಕ್ಕೆ ಹೋಯಿತು.

ಆ ಕಡೆ ನೀರಿನ ದಾರಿ ತೆರೆಯಿತು, ಈ ಕಡೆ ಸಿದ್ದೇಶ್ವರಿಯ ಮಾನ ಹೋಯಿತು. ಹರಿಪ್ರಸಾದ ಸಂಘದ ಗ್ರೂಪಿನಲ್ಲೆಲ್ಲ ಸಾರಿಬಿಟ್ಟ. ಗೃಹಪ್ರವೇಶ, ಹೊಸ ಕಾರು, ವೀಸಾ ಇಂಟರ್ವ್ಯೂ, ಎಲ್ಲದಕ್ಕೂ "ಆಂಟಿ, ನಮ್ಮೂರಿನ ರಾಹುಕಾಲ ಎಷ್ಟೊತ್ತಿಗೆ?" ಎಂದು ಫೋನು. ಗಂಡ ಶರಣ ಊಟಕ್ಕೆ ಕೂತಾಗಲೆಲ್ಲ "ಜೋಯಿಸರವ್ವ, ಈಗ ಉಣ್ಣಬೌದೇನು?" ಎಂದು ಕಾಡಿದ. ಅಪ್ಪನ ಫೋಟೋದ ಮುಂದೆ ಹಾದುಹೋಗುವಾಗ ಅವಳು ತಲೆ ತಗ್ಗಿಸುತ್ತಿದ್ದಳು.

2025ರ ಏಪ್ರಿಲ್‌ನಲ್ಲಿ ಪೈಪ್ ಕೇರಿಗೆ ಮುಟ್ಟಿತು. ಶನಿವಾರ ಉದ್ಘಾಟನೆ. ಹರಿಪ್ರಸಾದ ಫೋನ್ ಮಾಡಿದ. "ಮೇಡಂ, ಫಸ್ಟ್ ನಲ್ಲಿ ಓಪನ್ ಮಾಡೋಕೆ ಟೈಮ್ ಹೇಳಿ. ನೀವು ಹೇಳಿದ್ರೆ ನಾನು ಕ್ಯಾಲೆಂಡರ್ ಕೂಡ ನೋಡಲ್ಲ."

ಅವಳು ಕಾಗದ ತೆಗೆದು ಲೆಕ್ಕ ಹಾಕಿದಳು. ಶನಿವಾರಕ್ಕೆ ಮೂರನೆಯ ಪಾಲು. ಅಂದು ಅಲ್ಲಿ ರಾಹುಕಾಲ ಹತ್ತು ಗಂಟೆಗೆ ಶುರುವಾಗಿ ಹನ್ನೊಂದೂ ನಲವತ್ತರ ತನಕ. ಎರಡು ಸಲ ತಾಳೆ ನೋಡಿದಳು.

"ಹತ್ತೂ ಮುಕ್ಕಾಲು, ಸರ್" ಅಂದಳು.

ಹತ್ತೂ ಮುಕ್ಕಾಲಿಗೆ ಸರಿಯಾಗಿ ಹರಿಪ್ರಸಾದ ಕಣ್ಣು ಮುಚ್ಚಿ ಏನೋ ಗೊಣಗಿ ನಲ್ಲಿ ತಿರುಗಿಸಿದ. ನಲ್ಲಿ ಗಾಳಿ ಕೆಮ್ಮಿತು, ಆಮೇಲೆ ನೀರು ಬಂತು, ಸ್ವಚ್ಛ ತಿಳಿ ನೀರು. ಬಿಳಿ ಉಡುಪಿನಲ್ಲಿದ್ದ ಮಿಸ್ ಲೊರೇನ್ ಗ್ಲಾಸು ತುಂಬಿಸಿ, ಬಿಸಿಲಿಗೆ ಹಿಡಿದು ನೋಡಿ, ಒಂದೇ ಉಸಿರಿಗೆ ಕುಡಿದಳು. ತಳದಲ್ಲುಳಿದ ಹನಿಗಳನ್ನು ಮುಖಕ್ಕೆ ಹಚ್ಚಿಕೊಂಡಳು.

ಹರಿಪ್ರಸಾದ ಟ್ರಂಕಿನಿಂದ ಶಾಲು ತಂದು ಸಿದ್ದೇಶ್ವರಿಯ ಕೈಗಿಟ್ಟ. "ನೋಡಿದ್ರಾ ಮೇಡಂ? ಟೈಮ್ ಕರೆಕ್ಟಾಗಿ ಇಟ್ರೆ ಎಲ್ಲಾ ಹೇಗೆ ಸರಿಹೋಗತ್ತೆ ಅಂತ!"

"ಹೌದ್ರಿ ಸರ್" ಅಂದಳು ಸಿದ್ದೇಶ್ವರಿ, ಎರಡು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ ನಗುತ್ತ. "ನಮ್ಮಪ್ಪನೂ ಹಿಂಗೇ ಹೊತ್ತು ನೋಡೇ ಕೆಲ್ಸ ಮಾಡ್ತಿದ್ದ."