ಬಣ್ಣದಿಂದ ಪಾರಾದ ಗಂಜೀಫಾ

ಎಪ್ಪತ್ತೊಂದರ ಕಾರ್ತೀಕದಲ್ಲಿ, ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೊರಟೆ. ಟಿಕೆಟ್ಟು ಒಂದೂಕಾಲು ರೂಪಾಯಿ. ಯಲಹಂಕ ದಾಟುವವರೆಗೂ ಮಂಜು. ನನ್ನ ಪಾಲಿಗೆ ಬಂದ ಕಿಟಕಿ ಮುಚ್ಚುತ್ತಿರಲಿಲ್ಲ. ಆದರೂ ನಾನು ಖುಷಿಯಲ್ಲಿದ್ದೆ. ಕೆಲಸದಲ್ಲಿ ಡ್ರಾಯಿಂಗ್ ಮೇಷ್ಟ್ರು, ಹುಚ್ಚು ಹಳೆಯ ಗಂಜೀಫಾ ಕೂಡಿಡುವುದು. ದುಂಡನೆಯ ಇಸ್ಪೀಟು ಎಲೆಗಳು ಅವು, ಕೈಯಲ್ಲೇ ಚಿತ್ರ ಬರೆದು ಮೇಲೆ ಅರಗು ಹಚ್ಚಿದವು. ದಶಾವತಾರದ ಕಟ್ಟಿನಲ್ಲಿ ನೂರಿಪ್ಪತ್ತು ಎಲೆ ಇರಬೇಕು. ಅಂಥ ಪೂರ್ತಿ ಕಟ್ಟು ನನಗೆ ಒಂದೂ ಸಿಕ್ಕಿರಲಿಲ್ಲ. ದೊಡ್ಡಬಳ್ಳಾಪುರದ ನೇಕಾರ ರಂಗಪ್ಪನ ಅಟ್ಟದಲ್ಲಿ ಒಂದಿದೆ ಎಂದು ತಿಳಿದು, ಬರುತ್ತೇನೆಂದು ಅವನಿಗೆ ಕಾರ್ಡು ಹಾಕಿದ್ದೆ.

ರಂಗಪ್ಪ ಮಗ್ಗ ನಿಲ್ಲಿಸಿ, ಕಾಫಿ ಕೊಟ್ಟು, ನಗುತ್ತಾ ಹೇಳಿದ:

"ಎಲೆ ಇಲ್ಲಿಲ್ಲ ಮೇಷ್ಟ್ರೇ. ನೀವು ಬರ್ತೀರ ಅಂತ ಮೊನ್ನೆ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಕಳಿಸ್ಬಿಟ್ಟೆ. ನಮ್ಮ ಭಾವಮೈದ ಮುನಿರಾಜು ಬೋರ್ಡ್ ಬರೀತಾನೆ. ಒಂದೊಂದು ಕೋಟು ಪೇಂಟ್ ಹೊಡ್ಕೊಡು ಅಂದಿದ್ದೀನಿ."

ಲೋಟ ಕೆಳಗಿಟ್ಟೆ. "ಅಯ್ಯೋ, ಯಾಕಪ್ಪಾ?"

"ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡ್ದೆ ಯಾರಾದ್ರೂ ಗಿರಾಕಿ ಮುಂದೆ ಬಿಚ್ತಾರಾ?"

ಅವನ ಕಸುಬಿಗೆ ಅದು ಸರಿಯೇ. ಗಂಜೀಫಾಕ್ಕೆ ಹಳೆಯ ಬಣ್ಣವೇ ಬೆಲೆ. ಅದರ ಮೇಲೆ ಹೊಸದು ಬಳಿದರೆ ಕಾಸಿಗೂ ಬೇಡ ಎಂದು ವಿವರಿಸಿದೆ. ರಂಗಪ್ಪನ ನಗು ಮಾಯವಾಯಿತು. ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದೆವು.

ದೇವನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆವು. ಹಸಿವಾಗಿತ್ತು, ಆದರೂ ಇಡ್ಲಿ ಅರ್ಧಕ್ಕೇ ಬಿಟ್ಟು ರಸ್ತೆ ನೋಡುತ್ತಾ ನಿಂತೆ. ನನ್ನ ಕಾರ್ಡೇ ಆ ಎಲೆಗಳಿಗೆ ಶನಿಯಾಯಿತಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ವಿಜಯಪುರದಲ್ಲಿ ಇಳಿಯುತ್ತಲೇ ರೇಷ್ಮೆಗೂಡು ಬೇಯುವ ನಾತ. ಮುನಿರಾಜನ ಜಗಲಿಯ ಮೇಲೆ ಕೆಂಪು ಪೇಂಟಿನ ಡಬ್ಬ ಬಾಯಿ ತೆರೆದು ಕೂತಿತ್ತು, ಪಕ್ಕದಲ್ಲಿ ಕುಂಚ. ನನಗೆ ಎದೆಯೇ ಒಡೆದುಹೋಯಿತು. ಬಗ್ಗಿ ನೋಡಿದರೆ ಪೇಂಟಿನ ಮೇಲೆ ಕೆನೆ ಕಟ್ಟಿತ್ತು, ಕುಂಚ ಒಣಗಿತ್ತು.

ಮುನಿರಾಜು ಹೊರಗೆ ಬಂದು ಕೈಮುಗಿದ. "ಬೇಜಾರು ಮಾಡ್ಕೋಬೇಡ ಭಾವ, ಕೆಲಸ ಆಗ್ಲಿಲ್ಲ. ನಿನ್ನೆ ಬಣ್ಣ ಕಲಸಿ ಕೂತೆ, ಒಳಗೆ ಇವಳಿಗೆ ನೋವು ಬಂತು. ಹೆಣ್ಣು ಮಗು! ಮನೇಲಿ ಪುರುಡು. ದೇವ್ರ ಚಿತ್ರ ಹೆಂಗೆ ಮುಟ್ಲಿ? ಹನ್ನೊಂದು ದಿನ ಕಳೀಲಿ, ಮಾಡ್ಕೊಡ್ತೀನಿ."

ಹೆರಿಗೆಯ ಮೈಲಿಗೆಗೆ ಅಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ರಂಗಪ್ಪ ಗಟ್ಟಿಯಾಗಿ ನಕ್ಕು ಭಾವಮೈದನ ಬೆನ್ನು ತಟ್ಟಿದ.

ಗೋಡೆಯ ಗೂಡಿನಲ್ಲಿದ್ದ ಎಲೆಗಳ ಗಂಟನ್ನು ನಾನೇ ಇಳಿಸಿಕೊಂಡು ಬಿಸಿಲಿಗೆ ಬಂದೆ. ಎಲೆಯನ್ನು ಓರೆಯಾಗಿ ಹಿಡಿದರೆ ಅರಗಿನ ಬಿರುಕು ಕಾಣುತ್ತದೆ. ಅಂಚಿಗೆ ಉಗುರು ತಾಗಿಸಿದರೆ ಪದರ ಬಿಟ್ಟಿದೆಯೇ ತಿಳಿಯುತ್ತದೆ. ಬಿರುಕು ಅಲ್ಲಲ್ಲಿ ಇತ್ತು. ಆಡಿದವರ ಹೆಬ್ಬೆರಳು ತಾಗಿ ಅಂಚು ಕಪ್ಪಾಗಿತ್ತು. ಎರಡು ಎಲೆ ಬೇರೆ ಯಾರದೋ ಕೈ, ಗೆರೆ ದಪ್ಪ. ಕಳೆದುಹೋದವಕ್ಕೆ ಬದಲು ಬರೆಸಿದ್ದು. ಉಳಿದದ್ದೆಲ್ಲ ಒಂದೇ ಕೈಯದು. ಎಣಿಸಿದೆ, ನೂರಿಪ್ಪತ್ತೂ ಇದ್ದವು. ನನ್ನ ಕಣ್ಣಲ್ಲಿ ನೀರು ಬಂತು.

ಆ ಎರಡು ಎಲೆಯ ಸಲುವಾಗಿ ಸ್ವಲ್ಪ ಇಳಿಸಿ ನೂರೈವತ್ತು ಹೇಳಿದೆ. ಐವತ್ತು ಬಂದರೆ ಸಾಕು ಎಂದುಕೊಂಡಿದ್ದ ರಂಗಪ್ಪ ತಕ್ಷಣ ಒಪ್ಪಿದ. ಒಳಗೆ ಮಗು ಅತ್ತಿತು. ಅದರ ಕೈಗಿಡಲು ಐದು ರೂಪಾಯಿ ಬೇರೆ ಕೊಟ್ಟೆ.

ಮುನಿರಾಜು ಬಸ್ಸಿನವರೆಗೂ ಬಂದ. ಬಸ್ಸು ಹೊರಟಿತು, ಅವನು ಕಿಟಕಿ ಹಿಡಿದು ಜೊತೆಗೇ ಓಡುತ್ತಾ ಕೂಗಿದ:

"ಮೇಷ್ಟ್ರೇ, ನನ್ನಿಂದ ಕೆಲಸ ನಿಂತೋಯ್ತಲ್ಲ ಅಂತ ಮನಸ್ಸಿಗೆ ಒಂಥರಾ ಆಗೈತೆ. ಪುರುಡು ಕಳೆದ್ಮೇಲೆ ತಗೊಂಬನ್ನಿ, ಪುಕ್ಕಟೆ ಹೊಡ್ಕೊಡ್ತೀನಿ!"

ಆಗಲಿ ಎಂದು ತಲೆಯಾಡಿಸಿದೆ. ಅವನು ಕಣ್ಮರೆಯಾಗುವವರೆಗೂ ಗಂಟನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡೇ ಕೂತಿದ್ದೆ.