ಸೀಸದ ಸುದ್ದಿ ಹೊತ್ತು ಬೇವೂರಿಗೆ

ಕೊರೊನಾದ ಎರಡನೆಯ ಅಲೆ ಇಳಿದು ಬಸ್ಸುಗಳು ಮತ್ತೆ ಓಡತೊಡಗಿದ ವಾರವೇ ನಾನು ಗಂಗಾವತಿಯಿಂದ ಬೇವೂರಿಗೆ ಹೊರಟೆ. ಅಲ್ಲಿ ತಮ್ಮ ತಂಗಿಯ ಮನೆಯಲ್ಲಿ ನನ್ನ ಗುರುಗಳಾದ ಶರಣಪ್ಪ ಸರ್ ಮಲಗಿದ್ದರು. ಅನ್ನನಾಳದ ಕ್ಯಾನ್ಸರು. ಇನ್ನು ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಕೈಬಿಟ್ಟಿದ್ದರು. ಮದುವೆಯಾಗದೆ, ಪರಮಾಣುವಿನ ನ್ಯೂಕ್ಲಿಯಸ್ಸಿನ ಲೆಕ್ಕದಲ್ಲೇ ಆಯುಷ್ಯ ಕಳೆದವರು ಅವರು. ಅವರ ಬಳಿ ಪಿಎಚ್‌ಡಿ ಮುಗಿಸಿ ನಾನು ಗಂಗಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ.

"ಸೀಸದ ಸುದ್ದಿ ಬಂತೇನು ಅಂತ ದಿನಾ ಕೇಳ್ತಾನವ್ವ. ಫೋನಿನ್ಯಾಗ ಬ್ಯಾಡ, ನೀನ ಬಂದು ಹೇಳು," ಎಂದಿದ್ದರು ಅವರ ತಂಗಿ ಗಂಗಮ್ಮ.

ಸುದ್ದಿ ಬಂದಿತ್ತು. ಸರ್ ಬಯಸಿದ್ದ ಸುದ್ದಿಯಲ್ಲ ಅದು.

ಬೆಳಿಗ್ಗೆಯಿಂದ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಕಾಲುವೆಗೆ ಇನ್ನೂ ನೀರು ಬಿಟ್ಟಿರದ ಕಾರಣ ಭತ್ತದ ಗದ್ದೆಗಳು ಬರಿದಾಗಿ ಬಿದ್ದಿದ್ದವು. ಬಸ್ಸಿನಲ್ಲಿದ್ದವರೆಲ್ಲ ಮಾಸ್ಕು ಹಾಕಿಕೊಂಡು ದೂರ ದೂರ ಕೂತಿದ್ದರು. ಯಾರಾದರೂ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಕೊಪ್ಪಳದಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆ. ಎರಡು ತುತ್ತಿಗೇ ಸಾಕೆನಿಸಿತು. ಕುಷ್ಟಗಿ ಬಸ್ಸು ತಡವಾಗಿ ಬಂತು.

ಕಿಟಕಿ ಪಕ್ಕ ಕೂತು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸೀಸದ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನುಗಳು ಎಂಬತ್ತೆರಡು, ನ್ಯೂಟ್ರಾನುಗಳು ನೂರಿಪ್ಪತ್ತಾರು. ಹೆಚ್ಚಾದ ನ್ಯೂಟ್ರಾನುಗಳಲ್ಲಿ ಕೆಲವು ಹೊರ ಅಂಚಿಗೆ ಸರಿದು ತೆಳುವಾದ ಪದರವಾಗುತ್ತವೆ. ಅದೇ ನ್ಯೂಟ್ರಾನು ಚರ್ಮ. "ಹಾಲಿನ ಮ್ಯಾಗ ಕೆನಿ ಕಟ್ಟಿದಂಗ," ಎಂದು ಸರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಎರಡು ಬಗೆಯ ಕಣಗಳ ಸಮತೋಲ ತಪ್ಪಿದರೆ ನ್ಯೂಕ್ಲಿಯಸ್ಸು ತೆರಬೇಕಾದ ಶಕ್ತಿಗೆ ಸಮ್ಮಿತಿ ಶಕ್ತಿ ಎನ್ನುತ್ತಾರೆ. ಒತ್ತಾಗಿ ತುಂಬಿದ ಕಡೆ ಆ ಶಕ್ತಿ ಎಷ್ಟು ಬೇಗ ಏರುತ್ತದೆ ಎಂಬುದು ಚರ್ಮದ ದಪ್ಪದಿಂದ ತಿಳಿಯುತ್ತದೆ. ಆಕಾಶದ ನ್ಯೂಟ್ರಾನು ನಕ್ಷತ್ರ ಎಷ್ಟು ದೊಡ್ಡದು ಎಂಬುದಕ್ಕೂ ಅದೇ ಆಧಾರ. ಚರ್ಮ ತೆಳ್ಳಗಿದೆ ಎಂದು ಸರ್ ಮೂವತ್ತು ವರ್ಷ ವಾದಿಸಿದ್ದರು. ನನ್ನ ಪ್ರಬಂಧವೂ ಅದನ್ನೇ ಹೇಳಿತ್ತು. ಈಗ ಹೊರದೇಶದಲ್ಲಿ ಎಲೆಕ್ಟ್ರಾನು ಹಾಯಿಸಿ ಅಳೆದವರು ದಪ್ಪ ಎಂದಿದ್ದರು.

ಹೆದ್ದಾರಿಯಲ್ಲಿ ಇಳಿದು ಟಂಟಂ ಆಟೊ ಹತ್ತಿದೆ. ಎರಡೂ ಕಡೆ ಎರೆಹೊಲ, ಮೊಳದೆತ್ತರವೂ ಬಾರದ ಹೆಸರಿನ ಬೆಳೆ.

ಗಂಗಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದರು. "ಛಲೋ ಸುದ್ದಿ ಏನವ್ವ?"

"ಅಲ್ಲರಿ ಅಕ್ಕಾ."

ಅವರು ಒಳಗೆ ಇಣುಕಿ ದನಿ ತಗ್ಗಿಸಿದರು. "ಹಂಗಾರ ಛಲೋ ಆಗೇತಿ ಅಂತ ಹೇಳಿಬಿಡು. ಇನ್ನೆಷ್ಟು ದಿನ ಇರ್ತಾನ? ಅವಗೇನು ಗೊತ್ತಾಗ್ತೈತಿ?"

ನಾನು ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಸರ್ ಗೋಡೆಗೆ ಒರಗಿ ಕೂತಿದ್ದರು. ಮುಖದಲ್ಲಿ ಉಳಿದದ್ದು ಕಣ್ಣು ಮಾತ್ರ. "ಬಾ ಸಾವಿತ್ರಿ. ಸೀಸ?" ಎಂದರು. ದನಿ ಕೇಳಲು ಬಗ್ಗಬೇಕಾಯಿತು.

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ದಪ್ಪ ಬಂದೈತ್ರಿ ಸರ್," ಎಂದೆ.

"ಎಷ್ಟು?"

"ನಮ್ಮ ಲೆಕ್ಕದ ಎರಡರಷ್ಟರ ಹತ್ರ."

ಅವರು ಕಣ್ಣು ಮುಚ್ಚಿದರು. ಗಂಗಮ್ಮ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟರು.

ತಡೆಯಲಾರದೆ ನಾನೇ ಮುಂದುವರಿಸಿದೆ. "ಅಳತ್ಯಾಗ ಹೆಚ್ಚುಕಡಿಮಿ ಭಾಳ ಐತ್ರಿ ಸರ್. ಎಳದಾಡಿದ್ರ ನಮ್ಮ ಲೆಕ್ಕಾನೂ ಅದರ ಅಂಚಿನ್ಯಾಗ ಕೂಡಬಹುದು."

"ಎಳಿಬ್ಯಾಡ," ಎಂದರು ಸರ್. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ನನ್ನ ಸಲುವಾಗಿ ಅದನ್ನ ತೆಳ್ಳಗ ಮಾಡಬ್ಯಾಡ. ಎಲ್ಲಿ ತಪ್ಪೇವಿ ಹುಡುಕು."

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಗಂಜಿ ಬೇಡ ಎಂದು ಕೈಯಾಡಿಸಿದರು. ಸಂಜೆಯವರೆಗೂ ಕಾಲ ಬಳಿ ಕೂತಿದ್ದೆ. ಹೊರಟಾಗ ಕಾಲು ಮುಟ್ಟಿದೆ. ಎಚ್ಚರವಿದ್ದರೋ ಇಲ್ಲವೋ ತಿಳಿಯಲಿಲ್ಲ.

ಗಂಗಮ್ಮ ಓಣಿಯ ತನಕ ಬಂದರು. ಅವರ ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಸಿಟ್ಟಿತ್ತು. "ಒಂದ ಸುಳ್ಳು ಹೇಳಿದ್ರ ನಿಂದೇನು ಗಂಟು ಹೋಗ್ತಿತ್ತವ್ವ? ಇವತ್ತರೆ ಉಣ್ತಿದ್ದ."

ನಾನು ಟಂಟಂ ಹತ್ತಿದೆ. ಟಂಟಂ ತಿರುಗುವಾಗ ಹಿಂದೆ ನೋಡಿದೆ. ಅವರು ಆಗಲೇ ಒಳಗೆ ಹೋಗಿದ್ದರು.

ಕೊಪ್ಪಳಕ್ಕೆ ಬರುವಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಗಂಗಾವತಿಯ ಕೊನೆಯ ಬಸ್ಸಿನ ಕಿಟಕಿ ಮುಚ್ಚುತ್ತಿರಲಿಲ್ಲ. ಒಂದು ಭುಜ ಪೂರ್ತಿ ನೆನೆಯಿತು. ಸರಿದು ಕೂರುವ ಮನಸ್ಸೂ ಇರಲಿಲ್ಲ.

ಶ್ರಾವಣ ಮುಗಿಯುವ ಮೊದಲೇ ಸರ್ ಹೋದರು. ಮುಂದಿನ ವರ್ಷ, ಸೀಸ ಅಳೆದಿದ್ದ ಆ ಹೊರದೇಶದ ಜಾಗದಲ್ಲೇ ಕ್ಯಾಲ್ಸಿಯಮ್ಮಿನ ನ್ಯೂಟ್ರಾನು ಚರ್ಮ ಅಳೆದರು: ತೆಳ್ಳಗೆ! ಸೀಸ ಒಂದು ಹೇಳಿದರೆ ಕ್ಯಾಲ್ಸಿಯಂ ಇನ್ನೊಂದು ಹೇಳುತ್ತದೆ. ಎರಡನ್ನೂ ಎಲ್ಲರೂ ಒಪ್ಪುವಂತೆ ಕೂಡಿಸುವ ಲೆಕ್ಕ ಇನ್ನೂ ಸಿಕ್ಕಿಲ್ಲ. ಆ ಸುದ್ದಿ ಓದಿದ ಮಧ್ಯಾಹ್ನ, ಬೇವೂರಿಗೆ ಹೋಗಿ ಸರ್‌ಗೆ ಹೇಳಬೇಕೆನಿಸಿ, ತರಗತಿ ಬಿಟ್ಟು ಬಸ್ ನಿಲ್ದಾಣದವರೆಗೆ ನಡೆದುಬಿಟ್ಟಿದ್ದೆ. ಕೊಪ್ಪಳದ ಬಸ್ಸು ನಿಂತಿತ್ತು. ಕಂಡಕ್ಟರ್ ಕೇಳಿದ, "ಹತ್ತತೀರೇನ್ರಿ ಮೇಡಂ? ಎಲ್ಲಿಗೆ?"

ಎಲ್ಲಿಗೂ ಇಲ್ಲ ಎಂದು ಹೇಳಿ ಹಿಂದಕ್ಕೆ ಬಂದೆ.