ಭಾವನ ಪರ್ಸೆಂಟು

ಭಾವನ ಅಂಗಿಯ ಜೇಬಿನಲ್ಲಿ ಸದಾ ನಾಲ್ಕಾಗಿ ಮಡಿಸಿದ ಒಂದು ಹಳದಿ ಬಟ್ಟೆ ಇರುತ್ತಿತ್ತು. ಕಾರಿನ ಟಚ್‌ಸ್ಕ್ರೀನ್ ಪರದೆಯನ್ನು ಯಾರಾದರೂ ಮುಟ್ಟಿದರೆ ಸಾಕು, ಆ ಬಟ್ಟೆ ತೆಗೆದು, ಮುಟ್ಟಿದವರ ಎದುರೇ, ಬೆರಳಿನ ಗುರುತು ಹೋಗುವವರೆಗೆ ಉಜ್ಜುತ್ತಿದ್ದರು. ಉಜ್ಜುವಾಗ ನಾಲಿಗೆಯ ತುದಿ ಹಲ್ಲಿನ ನಡುವಿನಿಂದ ಚೂರೇ ಹೊರಗೆ ಬರುತ್ತಿತ್ತು. ಆ ನಾಲಿಗೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಪ್ರಯತ್ನ ಪಡುತ್ತೇನೆ.

ಅವರು ನನ್ನ ಅಕ್ಕನ ಗಂಡ. ಮೈಸೂರಿನವರು. ಕೆಲಸ ಅಮೆರಿಕದ ರೆಡ್ಮಂಡ್‌ನಲ್ಲಿ, ಮನೆ ಅಲ್ಲೇ ಹತ್ತಿರದ ಡುವಾಲ್‌ನಲ್ಲಿ. ನಾನು ಕೆನ್ಮೋರ್‌ನಲ್ಲಿ ಒಬ್ಬಳೇ ಇರುವುದರಿಂದ ವಾರದ ಕೊನೆಗೆ ಅಕ್ಕನ ಮನೆಗೆ ಹೋಗುವುದು ರೂಢಿ. ಅಕ್ಕ ಬೇಕೆಂದರೆ ಭಾವನನ್ನೂ ಸಹಿಸಬೇಕಿತ್ತು. ಮನೆಯಲ್ಲಿ ಮಗಳಿದ್ದಷ್ಟು ದಿನ ಒಂದು ಸಣ್ಣ ಕಾರಿನಲ್ಲಿ ಓಡಾಡಿದವರು, ಅವಳು ಕಾಲೇಜಿಗೆಂದು ಊರು ಬಿಟ್ಟ ಮೇಲೆ ಏಳು ಜನ ಕೂರುವ ಎಲೆಕ್ಟ್ರಿಕ್ ಎಸ್‌ಯುವಿ ಕೊಂಡರು. ಏಳು ಜನ ಯಾರೆಂದು ಅಕ್ಕ ಕೇಳಿದಳಂತೆ. "ಫ್ಯಾಮಿಲಿ ಕಾರು ಅಂದ್ರೆ ಹಾಗೇ ಇರ್ಬೇಕು" ಎಂದರಂತೆ.

ಅಂದಿನಿಂದ ಅವರು ಪ್ರವಚನಕಾರರಾದರು. ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಪ್ರಸಾದ ಕೈಗೆ ಬರುವ ಮೊದಲೇ ಬ್ಯಾಟರಿಯ ಮಹಿಮೆ ಶುರುವಾಗುತ್ತಿತ್ತು. "ಇನ್ನೂ ಪೆಟ್ರೋಲ್ ಹಾಕಿಸೋಕೆ ಗ್ಯಾಸ್ ಸ್ಟೇಷನ್‌ಗೆ ಹೋಗ್ತೀರಾ? ಪಾಪ" ಎನ್ನುತ್ತಿದ್ದರು. ಆ 'ಪಾಪ'ದಲ್ಲಿ ಕರುಣೆಯ ಲವಲೇಶವೂ ಇರುತ್ತಿರಲಿಲ್ಲ.

ಕಾರಿನ ಮೇಲೆ ನನಗೇನೂ ದ್ವೇಷವಿಲ್ಲ. ನ್ಯಾಯವಾಗಿ ಹೇಳುವುದಾದರೆ ಒಳ್ಳೆಯ ಗಾಡಿ. ಗರಾಜಿನಲ್ಲೇ ಚಾರ್ಜ್‌ಗೆ ಹಾಕಿ ಮಲಗಿದರೆ ಬೆಳಗ್ಗೆ ತುಂಬಿಕೊಂಡಿರುತ್ತದೆ. ನಡುವಿನ ಸಾಲಿನಲ್ಲಿ ಕಾಲು ಚಾಚಿ ಕೂರಬಹುದು. ಅಷ್ಟು ಭಾರವಿದ್ದರೂ ಹೈವೇ ಸೇರುವಾಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸರಿಯುತ್ತದೆ. ಆದರೆ ಆ ಭಾರಕ್ಕೇ ಟೈರು ಬೇಗ ಸವೆಯುತ್ತದೆ, ಹಿಂದಿನ ಸಾಲು ಬಿಚ್ಚಿದರೆ ಸೂಟ್‌ಕೇಸಿಗೆ ಜಾಗವಿಲ್ಲ, ಚಳಿಗೆ ಬ್ಯಾಟರಿ ಕುಗ್ಗುತ್ತದೆ, ರಜೆ ಬಂತೆಂದರೆ ಚಾರ್ಜರ್ ಮುಂದೆ ಕ್ಯೂ. ಈ ಎರಡನೆಯ ಭಾಗವನ್ನು ಭಾವನ ಬಾಯಿಂದ ಕೇಳಿದವರು ಯಾರೂ ಇಲ್ಲ. ಇನ್ನೊಂದು ದೋಷವನ್ನು ನಾನೇ ಕಂಡುಕೊಂಡೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಓಡಿಸುವವರ ಮಾತು ಒಂದಕ್ಷರ ಬಿಡದೆ ಕೇಳಿಸುತ್ತದೆ.

ಒಂದು ಚಳಿಗಾಲದಲ್ಲಿ ಹಿಮ ನೋಡಲೆಂದು ಮೂವರೂ ಲೆವೆನ್‌ವರ್ತ್‌ಗೆ ಹೊರಟೆವು. ಸ್ಟೀವನ್ಸ್ ಪಾಸ್ ಘಾಟಿ ಹತ್ತತೊಡಗಿದಂತೆ ಪರದೆಯ ಮೇಲಿನ ಬ್ಯಾಟರಿಯ ಪರ್ಸೆಂಟು ಇಳಿಯತೊಡಗಿತು. ಭಾವ ಮಾತು ನಿಲ್ಲಿಸಿದರು. ಆಮೇಲೆ ಹೀಟರ್ ನಿಲ್ಲಿಸಿದರು. ಅಕ್ಕನಿಗೆ ಸಂಧಿವಾತ. ಚಳಿ ತಾಗಿದರೆ ಬೆರಳು ಮಡಚಲು ಬರುವುದಿಲ್ಲ. ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

"ಭಾವ, ಹೀಟರ್ ಹಾಕಿ. ಅಕ್ಕಂಗೆ ಕೈ ನೋಯ್ತಿದೆ" ಎಂದೆ.

"ಜಾಕೆಟ್ ಇದೆಯಲ್ಲಮ್ಮ. ಹೀಟರ್ ಹಾಕಿದ್ರೆ ಪರ್ಸೆಂಟ್ ಹೇಗೆ ಬೀಳುತ್ತೆ ಗೊತ್ತಾ?"

"ದಾರೀಲಿ ಚಾರ್ಜ್ ಮಾಡ್ಕೊಂಡ್ರಾಯ್ತು."

"ಬೇಕಾಗಲ್ಲ. ನಾನು ಕ್ಯಾಲ್ಕುಲೇಟ್ ಮಾಡಿದೀನಿ."

ಅಕ್ಕ ನನ್ನ ಕಡೆ ತಿರುಗಿ, ಸಾಕು ಬಿಡೇ ಎಂಬಂತೆ ತಲೆಯಾಡಿಸಿದಳು. ಲೆವೆನ್‌ವರ್ತ್ ತಲುಪಿದಾಗ ಬ್ಯಾಟರಿಯಲ್ಲಿ ಧಾರಾಳವಾಗಿ ಚಾರ್ಜ್ ಉಳಿದಿತ್ತು. ಭಾವ ಪರದೆಯನ್ನು ನಮ್ಮ ಕಡೆ ತೋರಿಸಿ, "ನೋಡಿದ್ರಾ? ಎಷ್ಟೊಂದು ಉಳೀತು" ಎಂದರು. ಹೋಟೆಲಿನಲ್ಲಿ ಅಕ್ಕನಿಗೆ ಕಾಫಿಯ ಕಪ್ಪು ಹಿಡಿಯಲಾಗಲಿಲ್ಲ. ನಾನೇ ಹಿಡಿದು ಕುಡಿಸಿದೆ. ಭಾವ ಪಕ್ಕದ ಟೇಬಲ್ಲಿನ ತೆಲುಗರಿಗೆ ತಮ್ಮ ಸಾಧನೆ ವಿವರಿಸುತ್ತಿದ್ದರು.

ಜಿಪುಣ, ಜಂಬಗಾರ, ಕಲ್ಲುಮನಸ್ಸಿನವರು. ಭಾವನ ಬಗ್ಗೆ ನನ್ನ ತೀರ್ಮಾನ ಅಲ್ಲಿಗೆ ಮುಗಿದಿತ್ತು. ಮುಂದಿನ ನವೆಂಬರಿನಲ್ಲಿ ಬಿರುಗಾಳಿ ಎದ್ದಿತು.

ಡುವಾಲ್‌ಗೆ ಹೋಗುವ ರಸ್ತೆಗಳ ಮೇಲೆಲ್ಲ ಮರ ಬಿದ್ದಿದ್ದವು. ಕರೆಂಟಿಲ್ಲ, ಫೋನೂ ಸರಿಯಾಗಿ ಸಿಗುತ್ತಿರಲಿಲ್ಲ. ದಾರಿ ತೆರೆದ ದಿನ ಮಧ್ಯಾಹ್ನ ನಾನು ಬಿಸಿ ಅನ್ನ, ಸಾರು ಕಟ್ಟಿಕೊಂಡು ಹೋದೆ. ಮನೆ ಮುಂದೆ ಕಾರಿರಲಿಲ್ಲ. ಅದು ಪಕ್ಕದ ಮನೆಯ ಹುಲ್ಲಿನ ಮೇಲೆ, ಕೆಸರಲ್ಲಿ ಅರ್ಧ ಚಕ್ರ ಹೂತು ನಿಂತಿತ್ತು. ಅದರಿಂದ ಹೊರಟ ಕಿತ್ತಳೆ ಬಣ್ಣದ ವೈರು ಆ ಮನೆಯ ಅಡುಗೆಮನೆ ಕಿಟಕಿಯೊಳಕ್ಕೆ ಹೋಗಿತ್ತು.

ಆ ಮನೆಯಲ್ಲಿ ಇದ್ದದ್ದು ಒಬ್ಬಳು ಅಮೆರಿಕನ್ ಮುದುಕಿ. ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು. ಶ್ವಾಸಕೋಶ ಕೆಟ್ಟು, ಕರೆಂಟಿನಿಂದ ನಡೆಯುವ ಆಕ್ಸಿಜನ್ ಮಶೀನಿನ ನಳಿಗೆ ಮೂಗಿನಲ್ಲಿಟ್ಟುಕೊಂಡೇ ಇರಬೇಕಾದವಳು. ಆಕೆಯ ಎಣ್ಣೆ ಸೋರುವ ಹಳೆಯ ಪಿಕಪ್ಪನ್ನು ಭಾವ ಆಡಿಕೊಳ್ಳದ ದಿನವಿರಲಿಲ್ಲ. ಈಗ ಅವರ ಕಾರಿನ ಬ್ಯಾಟರಿ ಆಕೆಯ ಮಶೀನು ನಡೆಸುತ್ತಿತ್ತು. ಭಾವ ಮಂಕಿಕ್ಯಾಪ್ ಹಾಕಿಕೊಂಡು ಆಕೆಯ ಮೆಟ್ಟಿಲ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು.

ಚುಚ್ಚಬೇಕೆಂದೇ ಕೇಳಿದೆ. "ಎಷ್ಟು ಪರ್ಸೆಂಟ್ ಉಳಿದಿದೆ ಭಾವ?"

"ನೋಡಿಲ್ಲಮ್ಮ" ಎಂದರು. ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ನೋಡಿರಲಿಲ್ಲ.

ಒಳಗೆ ಹೋದೆ. ಅಕ್ಕ ಎರಡು ಸ್ವೆಟರ್ ಹಾಕಿಕೊಂಡು, ರಜಾಯಿ ಹೊದ್ದು ಸೋಫಾದ ಮೇಲೆ ಮುದುಡಿ ಕೂತಿದ್ದಳು. ಮನೆ ತಣ್ಣಗೆ ಕೊರೆಯುತ್ತಿತ್ತು.

"ಕರೆಂಟ್ ಹೋದ ತಕ್ಷಣ, ಅಜ್ಜಿ ಮಶೀನು ಅಂತ ಎದ್ದು ಓಡಿದ್ರು ಕಣೇ. ಚಪ್ಪಲಿನೂ ಹಾಕ್ಕೊಳ್ಲಿಲ್ಲ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಒಂದು ವೈರು ಈ ಕಡೆಗೂ ಎಳೀಬಹುದಿತ್ತಲ್ಲ ಅಕ್ಕ? ಒಂದು ಸಣ್ಣ ಹೀಟರ್‌ಗೆ?"

ಅವಳು ರಜಾಯಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. "ನಾನು ಕೇಳ್ಲಿಲ್ಲ. ಅವ್ರಿಗೆ ಹೊಳೀಲಿಲ್ಲ."

ಆ ಮುದುಕಿ ಬದುಕುಳಿದದ್ದು ಭಾವನಿಂದ. ಅದನ್ನು ಅಲ್ಲಗಳೆಯುವಷ್ಟು ಕೆಟ್ಟವಳಲ್ಲ ನಾನು. ಅಂಥ ಕಾರು ಮನೆ ಮುಂದೆ ಇದ್ದರೆ ಒಂದು ಜೀವ ಉಳಿಯಬಹುದು ಎಂದು ಕೇಳಿದವರಿಗೆಲ್ಲ ಇವತ್ತಿಗೂ ಹೇಳುತ್ತೇನೆ. ಆದರೆ ಭಾವನನ್ನು ಕಂಡರೆ ನನಗಿದ್ದ ತಿರಸ್ಕಾರ ಅಂದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಈಜು ಬಾರದವರನ್ನು ನೀರಿಗಿಳಿಯಲಿಲ್ಲವೆಂದು ಯಾರೂ ಬೈಯುವುದಿಲ್ಲ. ಭಾವನಿಗೆ ಕೊಡುವುದು ಗೊತ್ತೇ ಇಲ್ಲವೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಗೊತ್ತಿತ್ತು. ಅಳತೆ ನೋಡದೆ, ಬರಿಗಾಲಲ್ಲಿ ಓಡಿ ಹೋಗಿ ಕೊಡುವುದು ಗೊತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತವಳು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದಾಗಿ ಬಂದ ವಸಂತದಲ್ಲಿ ಭಾವ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅಂತ್ಯಕ್ರಿಯೆ ನಡೆದ ಫ್ಯೂನರಲ್ ಹೋಮಿಗೆ ಆ ಮುದುಕಿಯೂ ಬಂದಿದ್ದಳು, ಹೆಗಲಿಗೆ ಸಣ್ಣ ಆಕ್ಸಿಜನ್ ಚೀಲ ತೂಗುಹಾಕಿಕೊಂಡು. ಬಿರುಗಾಳಿಯ ಕಥೆಯನ್ನು ಎಲ್ಲರಿಗೂ ಹೇಳಿದಳು. ಇಂಥ ಮೃದು ಮನಸ್ಸಿನ ಗಂಡಸನ್ನು ತಾನು ನೋಡೇ ಇರಲಿಲ್ಲವೆಂದು ಕಣ್ಣೊರೆಸಿಕೊಂಡಳು. ನಾನು ಗೋಡೆ ನೋಡುತ್ತ ನಿಂತಿದ್ದೆ. ಆಮೇಲೆ ಆಕೆ ಅಕ್ಕನ ಎರಡೂ ಕೈ ಹಿಡಿದುಕೊಂಡು ಕೇಳಿದಳು, ಅವರು ಯಾವಾಗಲೂ ಹಾಗೇ ಇದ್ದರಾ ಎಂದು.

ಅಕ್ಕ ಒಂದು ಕ್ಷಣವೂ ತಡೆಯದೆ ಹೌದು ಎಂದಳು.

ಮನೆಗೆ ಹಿಂತಿರುಗುವಾಗ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಯಾಕೆ ಹಾಗಂದೆ ಅಕ್ಕ?"

ಅವಳು ಹೊರಗೆ ಹೊಲಗಳನ್ನು ನೋಡುತ್ತಿದ್ದಳು.

"ಆ ಅಜ್ಜಿ ಹತ್ರ ಹಾಗೇ ಇದ್ರಲ್ಲ" ಎಂದಳು.